ಮಾಸ್ಟ್ರ ಎಕ್ಸ್‌ಪಿಗೆ ಹೊಸ ಡಿಸ್ಕು

ಒಂದೇ ಕಂಪ್ಯೂಟರಿನೊಳಗೆ ಮೂರು ನಾಲ್ಕು ಕಂಪ್ಯೂಟರುಗಳನ್ನು ಬಾಡಿಗೆಗೆ ಇರಿಸಿಕೊಂಡಂತೆ ನಡೆಸುವುದಕ್ಕೆ ವರ್ಚುವಲೈಸೇಶನ್ ಎನ್ನುತ್ತಾರೆ. ಐಟಿಯಲ್ಲಿರುವ ಓದುಗರಿಗೆ ಇದು ಹೊಸತಲ್ಲ. ಆದರೆ ಈಗ ಸಣ್ಣ ಆಫೀಸು, ಶಾಲೆ, ಸಂಘಗಳಲ್ಲೂ ಇದು ಕಾಣಿಸತೊಡಗಿದೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡ ಮೇಲೆ ಲೈಸೆನ್ಸಿನ ಲೆಕ್ಕಾಚಾರವೇ ಬದಲಾಗಿ, ತುಂಬ ಜನ ಪ್ರಾಕ್ಸ್‌ಮಾಕ್ಸ್ ಕಡೆಗೆ ಹೊರಳಿದರು. ವಿಯೆನ್ನಾದ ಕಂಪನಿಯೊಂದು 2008ರಿಂದ ಕೊಡುತ್ತಿರುವ, ಡೆಬಿಯನ್ ಲಿನಕ್ಸ್ ಮೇಲೆ ನಿಂತ ಮುಕ್ತ ತಂತ್ರಾಂಶ ಅದು. ದುಡ್ಡು ಕೊಡದೆಯೂ ಬಳಸಬಹುದು.

ಮುಂಬಯಿಯ ಉಪನಗರದಲ್ಲಿರುವ ನಮ್ಮ ಕನ್ನಡ ಸಂಘದಲ್ಲಿಯೂ ಯಾರೋ ದಾನ ಕೊಟ್ಟ ಹಳೆಯ ಡೆಸ್ಕ್‌ಟಾಪಿನ ಮೇಲೆ ಪ್ರಾಕ್ಸ್‌ಮಾಕ್ಸ್ ಇದೆ. ಒಳಗೆ ಮೂರು ಬಿಡಾರ. ಒಂದು ಸದಸ್ಯರ ಪಟ್ಟಿ ಮತ್ತು ಲೆಕ್ಕಪತ್ರದ್ದು, ಇನ್ನೊಂದು ಗ್ರಂಥಾಲಯದ ಕ್ಯಾಟಲಾಗ್, ಮೂರನೆಯದು ವಿಂಡೋಸ್ ಎಕ್ಸ್‌ಪಿ. ಈ ಕಾಲದಲ್ಲಿ ಎಕ್ಸ್‌ಪಿ ಯಾಕೆ ಎಂದು ನಗಬೇಡಿ. ಸಂಘದ ಹಳೆಯ ಸ್ಮರಣ ಸಂಚಿಕೆಗಳೆಲ್ಲ ಪೇಜ್‌ಮೇಕರಿನಲ್ಲಿ, ಯೂನಿಕೋಡ್ ಬರುವುದಕ್ಕೆ ಮುಂಚಿನ ಕನ್ನಡ ಫಾಂಟುಗಳಲ್ಲಿ ಕಂಪೋಸ್ ಆದವು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಅದೇ ಫಾಂಟು, ಅದೇ ತಂತ್ರಾಂಶ ಇಲ್ಲದೆ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಸಂಚಿಕೆಗಳನ್ನು ವರ್ಷಗಟ್ಟಲೆ ಸಂಪಾದಿಸಿದ ಹಿರಿಯರನ್ನು ನಾವೆಲ್ಲ ಮಾಸ್ಟ್ರು ಎನ್ನುತ್ತೇವೆ. ಅವರ ಕಂಪ್ಯೂಟರು ಪ್ರಾಣ ಬಿಡುವ ಮೊದಲು ಅದರ ಡಿಸ್ಕನ್ನು ಹಾಗೆಯೇ ನಕಲಿಸಿ ಇದರೊಳಗೆ ಇಳಿಸಿದ್ದೆವು. ಇಂಟರ್ನೆಟ್ ಕೊಟ್ಟಿಲ್ಲ, ಕೊಡಲೂಬಾರದು.

ಈಚೆಗೆ ಆ ಡೆಸ್ಕ್‌ಟಾಪಿನ ಡಿಸ್ಕು ಕೆಡುವ ಸೂಚನೆ ಕೊಟ್ಟಿತು. ಕೆಟ್ಟ ಸೆಕ್ಟರುಗಳ ಎಣಿಕೆ ವಾರದಿಂದ ವಾರಕ್ಕೆ ಏರುತ್ತಿತ್ತು. ಅದರಲ್ಲಿದ್ದದ್ದು ಪ್ರಾಕ್ಸ್‌ಮಾಕ್ಸ್ 7. ಅದಕ್ಕೆ ಅಪ್‌ಡೇಟ್ ಬರುವುದು 2024ರಲ್ಲೇ ನಿಂತಿದೆ. 7ರಿಂದ 9ಕ್ಕೆ ಹೋಗಬೇಕಾದರೆ ನಡುವೆ 8ನ್ನು ಹಾಯಲೇಬೇಕು. ಸಾಯುತ್ತಿರುವ ಡಿಸ್ಕಿನ ಮೇಲೆ ಆ ಸರ್ಕಸ್ ಮಾಡುವುದಕ್ಕಿಂತ ಹೊಸ ಎಸ್‌ಎಸ್‌ಡಿ ತಂದು ಮೊದಲಿನಿಂದ ಇನ್‌ಸ್ಟಾಲ್ ಮಾಡುವುದೇ ಲೇಸು ಎಂದೆ. "ಬ್ಯಾಕಪ್ ದಿನಾ ರಾತ್ರಿ ಆಗ್ತದಲ್ಲ, ಹಸಿರು ಗುರುತು ಬರ್ತದೆ" ಎಂದರು ಖಜಾಂಚಿಯವರು.

ಹೌದು, ಬ್ಯಾಕಪ್ ಆಗುತ್ತಿತ್ತು. ಆದರೆ ಅದೇ ಡಿಸ್ಕಿನಲ್ಲಿ! ಪ್ರಾಕ್ಸ್‌ಮಾಕ್ಸ್ ಹಾಕಿದ ಕೂಡಲೇ 'ಲೋಕಲ್' ಎಂಬ ಜಾಗವೊಂದು ಸಿದ್ಧವಾಗಿರುತ್ತದೆ, ಎಲ್ಲರೂ ಅದನ್ನೇ ಆರಿಸುತ್ತಾರೆ. ಇನ್‌ಸ್ಟಾಲರ್ ಮಾತ್ರ ನೀವು ತೋರಿಸಿದ ಡಿಸ್ಕನ್ನು ಪೂರ್ತಿ ಒರೆಸುತ್ತದೆ, ಬ್ಯಾಕಪ್ಪನ್ನೂ ಸೇರಿಸಿ. ಹಾಗಾಗಿ ಯುಎಸ್‌ಬಿ ಡಿಸ್ಕ್ ತಂದದ್ದಾಯಿತು. ಪೆನ್‌ಡ್ರೈವಿನಂತೆ ಫ್ಯಾಟ್32ರಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ. ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ ಸ್ಟೋರೇಜ್ ಆಗಿ ಸೇರಿಸಿದೆ. ಇಲ್ಲೊಂದು ಗುಂಡಿ ಇದೆ. ಯುಎಸ್‌ಬಿ ಮೌಂಟ್ ಆಗದೇ ಇದ್ದರೂ ಆ ಹೆಸರಿನ ಖಾಲಿ ಫೋಲ್ಡರ್ ಒಳಗಿನ ಡಿಸ್ಕಿನಲ್ಲಿ ಇದ್ದೇ ಇರುತ್ತದೆ, ಬ್ಯಾಕಪ್ ಸದ್ದಿಲ್ಲದೆ ಅಲ್ಲಿಗೇ ಹೋಗಿ ಕೂರುತ್ತದೆ. ಸ್ಟೋರೇಜಿನ ಸೆಟ್ಟಿಂಗಿನಲ್ಲಿ 'ಇದು ಮೌಂಟ್ ಪಾಯಿಂಟ್' ಎಂದು ಹೇಳಿಟ್ಟರೆ ಈ ಮೋಸ ತಪ್ಪುತ್ತದೆ.

ಬ್ಯಾಕಪ್‌ಗೆ ಸ್ನ್ಯಾಪ್‌ಶಾಟ್, ಸಸ್ಪೆಂಡ್, ಸ್ಟಾಪ್ ಎಂಬ ಮೂರು ವಿಧಾನಗಳಿವೆ. ದಿನನಿತ್ಯಕ್ಕೆ ಸ್ನ್ಯಾಪ್‌ಶಾಟ್ ಸಾಕು. ಒರೆಸುವ ಮುಂಚಿನ ಕೊನೆಯ ಪ್ರತಿಗೆ ಮಾತ್ರ ಸ್ಟಾಪ್ ಆಗಬೇಕು ಎಂಬುದು ನನ್ನ ಹಟ. ಮೆಶಿನನ್ನು ಕ್ರಮವಾಗಿ ಮಲಗಿಸಿ ಪ್ರತಿ ತೆಗೆದರೆ ಅರ್ಧ ಬರೆದ ಫೈಲು ಸಿಗುವ ಭಯವಿಲ್ಲ. ಆಮೇಲೆ ಲಾಗ್ ಓದಬೇಕು, ಹಸಿರು ಗುರುತನ್ನಲ್ಲ. ನಮ್ಮ ಲೆಕ್ಕಪತ್ರದ ವಿಎಂಗೆ ಎರಡು ಡಿಸ್ಕುಗಳಿದ್ದವು. ಎರಡನೆಯದರಲ್ಲಿ ಸ್ಕ್ಯಾನ್ ಮಾಡಿದ ರಸೀದಿಗಳು. ಬ್ಯಾಕಪ್ ಬೇಗ ಮುಗಿಯಲೆಂದೋ ಏನೋ, ಹಿಂದೆ ಯಾರೋ ಅದರ 'ಬ್ಯಾಕಪ್' ಗುರುತನ್ನು ತೆಗೆದುಬಿಟ್ಟಿದ್ದರು. ಈ ಡಿಸ್ಕನ್ನು ಬಿಟ್ಟಿದ್ದೇನೆ ಎಂದು ಲಾಗಿನಲ್ಲಿ ಪ್ರತಿ ರಾತ್ರಿಯೂ ಒಂದು ಸಾಲು ಬರುತ್ತಿತ್ತು, ಓದುವವರಿರಲಿಲ್ಲ. ಗ್ರಂಥಾಲಯದ್ದು ಕಂಟೇನರ್. ಅದಕ್ಕೆ ಹೊರಗಿನ ಫೋಲ್ಡರೊಂದನ್ನು ಜೋಡಿಸಿದ್ದೆವು, ಅಂಥ ಬೈಂಡ್ ಮೌಂಟ್‌ಗಳು ಬ್ಯಾಕಪ್ಪಿನೊಳಗೆ ಬರುವುದೇ ಇಲ್ಲ. ಪುಸ್ತಕಗಳ ಮುಖಪುಟದ ಚಿತ್ರಗಳನ್ನು ಬೇರೆಯಾಗಿಯೇ ನಕಲಿಸಿಕೊಂಡೆ.

ವಿಎಂನ ಸೆಟ್ಟಿಂಗು ಬ್ಯಾಕಪ್ ಫೈಲಿನ ಜೊತೆಗೇ ಇರುತ್ತದೆ. ಆದರೆ ಮನೆಯೊಡೆಯನ, ಅಂದರೆ ಪ್ರಾಕ್ಸ್‌ಮಾಕ್ಸಿನ ಸ್ವಂತ ಸೆಟ್ಟಿಂಗು ಇರುವುದಿಲ್ಲ. ನೆಟ್‌ವರ್ಕ್ ಫೈಲು, ಸ್ಟೋರೇಜ್ ಪಟ್ಟಿ, ಬಳಕೆದಾರರು, ಬ್ಯಾಕಪ್ ವೇಳಾಪಟ್ಟಿ ಎಲ್ಲವನ್ನೂ ನಾವೇ ಎತ್ತಿಡಬೇಕು. ಇವುಗಳಲ್ಲಿ ಹೆಚ್ಚಿನವು ಇಟಿಸಿಯೊಳಗಿನ ಪಿವಿಇ ಫೋಲ್ಡರಿನಲ್ಲಿ ಕಾಣಿಸುತ್ತವೆ. ಕಾಣಿಸುತ್ತವೆ ಅಷ್ಟೆ. ಅದು ನಿಜವಾದ ಫೋಲ್ಡರಲ್ಲ, ಸಿಸ್ಟಮ್ ಓಡುವಾಗ ಕಾನ್ಫಿಗ್ ಡಿಬಿ ಎಂಬ ಪುಟ್ಟ ಡೇಟಾಬೇಸ್ ಫೈಲಿನಿಂದ ಮೂಡುವ ನೋಟ. ಡಿಸ್ಕನ್ನು ಕಳಚಿ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದವರಿಗೆ ಆ ಫೋಲ್ಡರ್ ಖಾಲಿ ಕಾಣುತ್ತದೆ, ಎದೆ ಧಸಕ್ಕೆನ್ನುತ್ತದೆ. ಸಿಸ್ಟಮ್ ನಡೆಯುತ್ತಿರುವಾಗಲೇ ಪ್ರತಿ ತೆಗೆದಿಡುವುದು ಸುಲಭ.

ಒರೆಸುವ ಮೊದಲು ಬ್ಯಾಕಪ್ ನಿಜವಾಗಿ ಏಳುತ್ತದೆಯೇ ನೋಡಬೇಕಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಪ್ರಾಕ್ಸ್‌ಮಾಕ್ಸ್ ಹಾಕಿ, ಸಂಘದ ನೆಟ್‌ವರ್ಕಿಗೆ ಜೋಡಿಸದೆ ಮೂರನ್ನೂ ರಿಸ್ಟೋರ್ ಮಾಡಿದೆ. ಒಂದೇ ಐಪಿ ವಿಳಾಸದ ಇಬ್ಬರು ಒಂದೇ ಜಾಲದಲ್ಲಿ ಎದುರಾದರೆ ಜಗಳ ಖಂಡಿತ. ಮಾಸ್ಟ್ರು ಲೋಕಲ್ ಹಿಡಿದು ಬಂದರು. ಒಂದು ಹಳೆಯ ಸಂಚಿಕೆ ತೆರೆದು ಕನ್ನಡಕ ಏರಿಸಿ, "ಅರ್ಕಾವೊತ್ತು ಸರಿ ಉಂಟಾ ನೋಡು ಮಾರಾಯ, ಇದು ಮೊದಲು ಕೈಕೊಡುವುದೇ ಅಲ್ಲಿ" ಎಂದು ಸಂಪಾದಕೀಯದಿಂದ ಜಾಹೀರಾತಿನವರೆಗೆ ಪುಟ ಪುಟ ನೋಡಿದರು. ಎರಡು ಗಂಟೆ ಬೇಕಾಯಿತು. "ಎಲ್ಲ ಉಂಟು. ಇನ್ನು ನಿನ್ನ ಕೆಲಸ ಮಾಡು" ಎಂದರು.

ಉಳಿದದ್ದು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಳೆಯ ಡಿಸ್ಕಿನ ಕೇಬಲ್ ಕಳಚಿಟ್ಟು ಹೊಸದರ ಮೇಲೆ 9ನ್ನು ಹಾಕಿದೆ. ಯುಎಸ್‌ಬಿಯನ್ನು ಸ್ಟೋರೇಜ್ ಆಗಿ ಸೇರಿಸಿ, ಹಳೆಯ ನಂಬರುಗಳನ್ನೇ ಕೊಟ್ಟು ರಿಸ್ಟೋರ್ ಒತ್ತಿದೆ. ಅಲ್ಲಿರುವ 'ಯುನೀಕ್' ಗುರುತು ಹಾಕಿದರೆ ಮ್ಯಾಕ್ ವಿಳಾಸ ಬದಲಾಗುತ್ತದೆ. ನಮ್ಮ ರೂಟರ್ ಹಳೆಯ ವಿಳಾಸ ನೋಡಿಯೇ ಐಪಿ ಕೊಡುವುದರಿಂದ ಹಾಕಲಿಲ್ಲ. ಲೆಕ್ಕಪತ್ರದ ವಿಎಂ ಏಳಲೊಲ್ಲದೆ ಒಂದು ಕ್ಷಣ ಹೆದರಿಸಿತು. ಎಂದೋ ಅದರ ಸಿಡಿ ಡ್ರೈವಿಗೆ ಸಿಕ್ಕಿಸಿ ಮರೆತ ಐಎಸ್‌ಒ ಫೈಲು ಹೊಸ ಡಿಸ್ಕಿನಲ್ಲಿರಲಿಲ್ಲ, ಅಷ್ಟೆ. ಸಿಡಿ ತೆಗೆದೆ, ಎದ್ದಿತು.

ವೇಳಾಪಟ್ಟಿಯನ್ನು ಹೊಸದಾಗಿ ಹಾಕಿದ್ದೇನೆ. ಈಗ ಯುಎಸ್‌ಬಿ ಡಿಸ್ಕುಗಳು ಎರಡು. ಒಂದು ಸಂಘದಲ್ಲಿ, ಇನ್ನೊಂದು ಖಜಾಂಚಿಯವರ ಮನೆಯ ಗೋದ್ರೇಜ್ ಕಪಾಟಿನಲ್ಲಿ. ಪ್ರತಿ ಭಾನುವಾರ ಅದಲುಬದಲು. ಹಳೆಯ ಡಿಸ್ಕನ್ನು ದೀಪಾವಳಿಯವರೆಗೆ ಎಸೆಯಬಾರದೆಂದು ಮಾಸ್ಟ್ರ ಅಪ್ಪಣೆಯಾಗಿದೆ.