ಕಾರ್ಡ್ ಅವಧಿ ಮುಗಿದಿದೆ, ಅಪ್ಪ ಆಸ್ಪತ್ರೆಯಲ್ಲಿದ್ದಾರೆ

ವೀಸಾ ಸಿಕ್ಕಿದ್ರೆ ಎಲ್ಲ ಮುಗೀತು ಅಂತ ಊರಲ್ಲಿ ಅಂದುಕೊಳ್ತಾರೆ. ದಕ್ಷಿಣ ಜರ್ಮನಿಯ ಒಂದು ಊರಲ್ಲಿ ಕೋಡ್ ಬರೆದು ಬದುಕುತ್ತಿರುವ ನನ್ನನ್ನು ಕೇಳಿದರೆ, ಅದು ಬರೀ ಶುರು.

ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್ಮೆಲ್ಡುಂಗ್ ಅಂತಾರೆ. ಮನೆ ಮಾಲೀಕರ ಸಹಿಯ ಪತ್ರ ಇಲ್ಲದಿದ್ದರೆ ಅದಾಗಲ್ಲ. ಅದಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇದೆಲ್ಲ ಹೇಗೋ ಆಗಿಹೋಗುತ್ತೆ ಬಿಡಿ. ನಿಜವಾದ ಪರೀಕ್ಷೆ ಕಾರ್ಡ್ ನವೀಕರಣದ ಹೊತ್ತಿಗೆ.

ನನ್ನ ಕೆಲಸದ ಒಪ್ಪಂದ ಎರಡು ವರ್ಷದ್ದು. ನಾಲ್ಕು ವರ್ಷಕ್ಕಿಂತ ಕಡಿಮೆ ಒಪ್ಪಂದವಾದರೆ ಬ್ಲೂ ಕಾರ್ಡನ್ನು ಆ ಅವಧಿಗೆ ಮೂರು ತಿಂಗಳು ಸೇರಿಸಿ ಕೊಡುತ್ತಾರೆ. ಒಪ್ಪಂದ ಮುಂದುವರಿದಾಗ, ಕಾರ್ಡ್ ಮುಗಿಯುವ ಮೊದಲೇ ಅರ್ಜಿ ಹಾಕಿದೆ. ವಿದೇಶಿಯರ ಕಚೇರಿ ಕೊಟ್ಟ ಅಪಾಯಿಂಟ್‌ಮೆಂಟ್ ಹತ್ತು ವಾರದಾಚೆ. ಅಷ್ಟರಲ್ಲಿ ಕಾರ್ಡಿನ ಅವಧಿ ಮುಗಿಯಿತು. ಅದರ ಮುಂದಿನ ವಾರ ಶಿವಮೊಗ್ಗದಿಂದ ಅಕ್ಕನ ಫೋನ್: ಅಪ್ಪನಿಗೆ ಹಾರ್ಟ್ ಅಟ್ಯಾಕ್, ಐಸಿಯುನಲ್ಲಿದ್ದಾರೆ. ಅಮ್ಮ ಫೋನ್ ಇಸ್ಕೊಂಡು ಕೇಳಿದ್ದು ಒಂದೇ, "ಬರಕ್ಕಾಗತ್ತೇನೋ?"

ಹೋಗುವುದಕ್ಕೆ ಅಡ್ಡಿಯಿಲ್ಲ, ವಾಪಸ್ ಬರುವುದೇ ಪ್ರಶ್ನೆ. ಇಂಥ ಹೊತ್ತಿಗೆ ಇರುವುದೇ ಫಿಕ್ತ್ಸಿಯೋನ್ಸ್‌ಬೆಶೈನಿಗುಂಗ್. ಹೆಸರು ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತೆ. ಅರ್ಜಿ ಬಾಕಿ ಇರುವ ತನಕ ನಿಮ್ಮ ಸ್ಥಿತಿ ಏನು ಅಂತ ಹೇಳುವ ಕಾಗದ ಅದು. ಅದರಲ್ಲಿ ಟಿಕ್ ಹಾಕುವ ಚೌಕಗಳಿವೆ. ನಿವಾಸ ಕಾಯ್ದೆಯ 81ನೇ ಕಲಂನ 4ನೇ ಉಪಕಲಂಗೆ ಟಿಕ್ ಬಿದ್ದಿದ್ದರೆ ಹಳೆಯ ಪರವಾನಗಿಯೇ ಮುಂದುವರಿದಂತೆ ಲೆಕ್ಕ: ಕೆಲಸ ಮಾಡಬಹುದು, ದೇಶ ಬಿಟ್ಟು ಹೋಗಿ ಮರಳಬಹುದು. 3ನೇ ಉಪಕಲಂಗೆ ಬಿದ್ದಿದ್ದರೆ ಒಳಗೆ ಇರಬಹುದಷ್ಟೇ, ಆಚೆ ಹೋದರೆ ಆ ಕಾಗದ ಹಿಡಿದು ಮರಳಲಾಗದು. ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಬೇಕು ಅನ್ನುವುದು ಇದಕ್ಕೇ. ಕಚೇರಿಗೆ ಆಸ್ಪತ್ರೆಯ ಪತ್ರ ಲಗತ್ತಿಸಿ ಮೇಲ್ ಹಾಕಿದೆ. ಮೂರನೇ ದಿನ ಕಾಗದ ಕೈಗೆ ಸಿಕ್ಕಿತು. ನಾನು ಮೊದಲು ನೋಡಿದ್ದು ಹೆಸರನ್ನಲ್ಲ, ಟಿಕ್ಕನ್ನು. ನಾಲ್ಕು.

ಟಿಕೆಟ್ ತುಸು ದುಬಾರಿಯಾದರೂ ಬೆಂಗಳೂರಿಗೆ ನೇರ ವಿಮಾನವನ್ನೇ ಹಿಡಿದೆ. ಈ ಕಾಗದ ಕಂಡು ಗೊತ್ತಿಲ್ಲದ ಕೌಂಟರ್‌ನವರು ನಿಮ್ಮನ್ನು ವಿಮಾನ ಹತ್ತಿಸದೇ ಇರಬಹುದು. ಜರ್ಮನಿಗೇ ಹೋಗುವ ವಿಮಾನದವರಿಗೆ ಅದು ಪರಿಚಿತ. ವಾಪಸ್ ಬರುವಾಗ ಪಾಸ್‌ಪೋರ್ಟ್, ಅವಧಿ ಮುಗಿದ ಕಾರ್ಡ್, ಈ ಕಾಗದ ಮೂರನ್ನೂ ಒಟ್ಟಿಗೆ ಇಟ್ಟೆ. ಕೌಂಟರ್‌ನಲ್ಲಿ ಐದು ನಿಮಿಷ ಫೋನ್ ಮಾಡಿ ವಿಚಾರಿಸಿ ಬಿಟ್ಟರು.

ದುಡ್ಡಿನದು ಇನ್ನೊಂದು ಕಥೆ. ಆಸ್ಪತ್ರೆ ಮುಂಗಡ ಕೇಳಿದಾಗ ನಾನಿನ್ನೂ ಜರ್ಮನಿಯಲ್ಲೇ ಇದ್ದೆ. ಕೆಲಸಕ್ಕೆ ಅಂತ ದೇಶ ಬಿಟ್ಟ ಮೇಲೆ ಫೆಮಾ ಪ್ರಕಾರ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು, ಮಾಡಿಸಿದ್ದೆ. ಆದರೆ ವಿದೇಶಿ ನಂಬರಿನ ಯುಪಿಐಗೆ 2023ರಲ್ಲಿ ಅನುಮತಿ ಸಿಕ್ಕಿದ 10 ದೇಶಗಳಲ್ಲಿ ಜರ್ಮನಿ ಇರಲಿಲ್ಲ. ಊರಿನ ಸಿಮ್ಮನ್ನು ರೋಮಿಂಗ್‌ನಲ್ಲಿ ಜೀವಂತ ಇಟ್ಟಿದ್ದರಿಂದ ಒಟಿಪಿ ಬಂತು, ನೆಟ್ ಬ್ಯಾಂಕಿಂಗ್‌ನಲ್ಲಿ ಅಕ್ಕನ ಖಾತೆಗೆ ಹಾಕಿದೆ. ತಿಂಗಳಿಗೊಂದು ರೀಚಾರ್ಜ್ ದಂಡ ಅಂತ ಗೊಣಗುವವರು ಇದನ್ನು ಗಮನಿಸಿ. ಎನ್‌ಆರ್‌ಒ ಬಡ್ಡಿಗೆ 30% ಟಿಡಿಎಸ್ ಕತ್ತರಿ, ಮೇಲೆ ಸೆಸ್. ಜರ್ಮನಿಯ ತೆರಿಗೆ ನಿವಾಸ ಪ್ರಮಾಣಪತ್ರ ಕೊಟ್ಟರೆ ಒಪ್ಪಂದದ ಪ್ರಕಾರ 10%ಕ್ಕೆ ಇಳಿಯುತ್ತದೆ. ಅಲ್ಲಿಂದ ಕಳಿಸುವ ಹೊಸ ದುಡ್ಡಿಗೆ ಎನ್‌ಆರ್‌ಇ ಖಾತೆಯೇ ವಾಸಿ, ಯಾವಾಗ ಬೇಕಾದರೂ ಹಿಂದಕ್ಕೆ ತರಬಹುದು.

ಅಪ್ಪ ವಾರ್ಡಿಗೆ ಬಂದ ಮೇಲೆ ಬ್ಯಾಂಕಿಗೆ ಹೋಗಿ, ಎನ್‌ಆರ್‌ಒ ಖಾತೆಯಿಂದ ಊರಿನ ಖರ್ಚು ಕೊಡುವ ಅಧಿಕಾರವನ್ನು ಅಕ್ಕನ ಹೆಸರಿಗೆ ಬರೆದುಕೊಟ್ಟೆ. ಮ್ಯಾನೇಜರ್ ವೀಸಾ ಕೇಳಿದರು. ಅದೇ ಕಾಗದ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲಿ ಇಂಗ್ಲಿಷ್ ಎಲ್ಲಿದೆ ಸಾರ್?" ಅಂದರು. ಅಕ್ಕನಿಗೆ ವಾರದಲ್ಲಿ ಮೊದಲ ಸಲ ನಗು ಬಂತು.