ನಾಲ್ಕು ಕಾರ್ಬುರೇಟರಿಗೆ ಒಂದೇ ಶ್ರುತಿ

ಕಳೆದ ಚಳಿಗಾಲದ ಒಂದು ಭಾನುವಾರ ಇಂಗ್ಲೆಂಡಿನಿಂದ ಫೋನು ಬಂತು. ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಸೈಕಲ್ ಬೆಲ್ಲು ಬಿಚ್ಚಿ ಜೋಡಿಸುತ್ತಿದ್ದ ಹುಡುಗ ಈಗ ಅಲ್ಲಿ ನೌಕರಿಯಲ್ಲಿದ್ದಾನೆ. ಬಿಡುವಿನಲ್ಲಿ ಕಾರು ಕಟ್ಟುತ್ತಿದ್ದಾನಂತೆ.

"ಸಾರ್, ಕಾರೇನೋ ತಯಾರಾಯ್ತು. ಆದ್ರೆ ಆಕ್ಸಿಲರೇಟರ್ ಅರ್ಧ ಒತ್ತಿದ್ರೆ ಎಂಜಿನ್ ಮುಗ್ಗರಿಸುತ್ತೆ. ಮೂರು ದಿನದಿಂದ ತಿರುಪು ತಿರುಗಿಸಿ ಸಾಕಾಯ್ತು. ತಲೆ ಬೇರೆ ಸಿಡೀತಿದೆ" ಎಂದ.

"ಶೆಡ್ಡಿನ ಬಾಗಿಲು ತೆಗೆದಿದೀಯೇನೋ?"

"ಇಲ್ಲ ಸಾರ್, ಹೊರಗೆ ಕೊರೆಯೋ ಚಳಿ."

"ಮೊದಲು ಎಂಜಿನ್ ಆರಿಸು. ಹೊರಗೆ ಬಂದು ಮಾತಾಡು" ಎಂದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಕಾರು ಜೋಡಿಸುವ ಹವ್ಯಾಸ ಬ್ರಿಟನ್ನಿನಲ್ಲಿ ಹಳೆಯದು. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸೆವೆನ್ ಕಾರು ಹೀಗೆ ಬಿಡಿಭಾಗಗಳಾಗಿಯೂ ಮಾರಾಟವಾಯಿತು. ಪೂರ್ತಿ ಕಾರಿಗಿದ್ದ ಖರೀದಿ ತೆರಿಗೆ ಬಿಡಿಭಾಗಗಳಿಗೆ ಇರಲಿಲ್ಲ! ಮುಂದೆ ಅಂಥ ಹಗುರ ಕಾರುಗಳಿಗೆ ಮೋಟಾರ್ ಸೈಕಲ್ಲಿನ ಎಂಜಿನ್ ಕೂರಿಸುವ ರೂಢಿ ಬಂತು. 1998ರಲ್ಲಿ ಬಂದ ಯಮಹಾ ಆರ್1 ಬೈಕನ್ನೇ ನೋಡಿ. 998 ಸಿ.ಸಿ. ಎಂಜಿನ್, ಸುಮಾರು 150 ಅಶ್ವಶಕ್ತಿ. ನಾಲ್ಕು ಸಿಲಿಂಡರು, ಒಂದೊಂದಕ್ಕೂ ಪ್ರತ್ಯೇಕ ಕಾರ್ಬುರೇಟರ್. ನಮ್ಮ ಹುಡುಗನ ಕಾರಿನಲ್ಲಿದ್ದದ್ದೂ ನಾಲ್ಕು ಕಾರ್ಬುರೇಟರುಗಳ ಬೈಕ್ ಎಂಜಿನ್ನೇ.

ಕಾರ್ಬುರೇಟರಿನ ಕೆಲಸವೇನು? ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಲೆಕ್ಕ ಹಾಕಿ ನೋಡಿ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಕಾರ್ಬುರೇಟರಿನ ಕೊಳವೆ ನಡುವೆ ಕಿರಿದಾಗಿರುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಸಿಯುತ್ತದೆ. ಪಾಠದಲ್ಲಿ ಓದಿದ ಬರ್ನೌಲಿಯ ತತ್ತ್ವ ಇದೇ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲು 'ಜೆಟ್' ಎಂಬ ಸಣ್ಣ ರಂಧ್ರದ ಮೂಲಕ ಮೇಲೆದ್ದು ತುಂತುರಾಗಿ ಗಾಳಿಯೊಡನೆ ಬೆರೆಯುತ್ತದೆ. ಪೆಟ್ರೋಲು ಕಡಿಮೆಯಾದರೆ ಮೆಕ್ಯಾನಿಕ್ಕುಗಳು 'ಲೀನ್' ಎನ್ನುತ್ತಾರೆ, ಹೆಚ್ಚಾದರೆ 'ರಿಚ್'.

ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರೂ ಸೆಕೆಂಡಿಗೆ 80ಕ್ಕೂ ಹೆಚ್ಚು ಬಾರಿ ಉಸಿರೆಳೆಯುತ್ತದೆ. ನಾಲ್ಕೂ ಸಮನಾಗಿ ಎಳೆಯಬೇಕು. ತಂಬೂರಿಯ ನಾಲ್ಕು ತಂತಿಗಳಲ್ಲಿ ಒಂದು ಸಡಿಲವಾದರೂ ಕಛೇರಿ ಕೆಟ್ಟಿತಲ್ಲವೇ? ಇಲ್ಲೂ ಹಾಗೆಯೇ. ನಾಲ್ಕು ಕೊಳವೆಗಳಿಗೂ ನಿರ್ವಾತಮಾಪಕ ಜೋಡಿಸಿ, ಮುಳ್ಳುಗಳು ಒಂದೇ ಅಂಕಿ ತೋರುವವರೆಗೆ ತಿರುಪುಗಳನ್ನು ಹೊಂದಿಸುತ್ತಾರೆ.

ಇದೇ ಎಂಜಿನ್ನು ಬೈಕಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತಲ್ಲ, ಕಾರಿಗೆ ಬಂದಾಗ ಏಕೆ ಕೆಟ್ಟಿತು? ಬೈಕಿನಲ್ಲಿ ಟ್ಯಾಂಕು ಮೇಲಿದ್ದು, ಪೆಟ್ರೋಲು ತಾನೇ ಇಳಿಯಬಲ್ಲದು. ಕಾರಿನ ಟ್ಯಾಂಕು ಹಿಂದೆ, ತಗ್ಗಿನಲ್ಲಿರುವುದರಿಂದ ಪಂಪು ಬೇಕು. ಪಂಪಿನ ಒತ್ತಡ ಹೆಚ್ಚಾದರೆ ಬಟ್ಟಲು ತುಂಬಿ ಚೆಲ್ಲುತ್ತದೆ. ಬೈಕು ತಿರುವಿನಲ್ಲಿ ವಾಲುತ್ತದೆ, ಆದ್ದರಿಂದ ಎಣ್ಣೆ ತಳದಲ್ಲೇ ಉಳಿಯುತ್ತದೆ. ಕಾರು ಹಾಗೆ ವಾಲುವುದಿಲ್ಲ. ಎಣ್ಣೆ ಒಂದು ಪಕ್ಕಕ್ಕೆ ನುಗ್ಗಿ ಎಂಜಿನ್ ಒಣಗೀತು, ಅದಕ್ಕೇ ತಳದಲ್ಲಿ ತಡೆತಗಡು ಹಾಕುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಜಾಗ ಸಾಲದೆ ಬೈಕಿನ ಗಾಳಿಪೆಟ್ಟಿಗೆ ತೆಗೆದು ಬೇರೆ ಫಿಲ್ಟರ್ ಹಾಕಿದರೆ ಗಾಳಿಯ ಹರಿವೇ ಬದಲಾಗಿ ಮಿಶ್ರಣ ಸಾಮಾನ್ಯವಾಗಿ ಲೀನ್ ಆಗುತ್ತದೆ. ಬಹಳ ಲೀನ್ ಆಗಿ, ಭಾರ ಎಳೆಯುತ್ತಾ ಓಡಿದ ಎಂಜಿನ್ನಿನ ಪಿಸ್ಟನ್ನೇ ಕರಗಿ ತೂತಾಗುವುದುಂಟು.

ನಮ್ಮ ಹುಡುಗ ಎಡವಿದ್ದೂ ಇಲ್ಲೇ. ಮುಗ್ಗರಿಕೆ ಇದ್ದದ್ದು ಅರ್ಧ ಒತ್ತಿದಾಗ. ಅವನು ಸಡಿಲಿಸಿ ಪೆಟ್ರೋಲು ಹೆಚ್ಚಿಸಿದ್ದು ಐಡ್ಲಿಂಗಿನ ತಿರುಪುಗಳನ್ನು. ನಿಂತಲ್ಲೇ ಓಡುವಾಗ ಆ ತಿರುಪುಗಳ ಆಟ, ಅರ್ಧ ಒತ್ತಿದಾಗ ಜೆಟ್ಟಿನೊಳಗೆ ಏರಿಳಿಯುವ ಮೊನಚು ಸೂಜಿಯದು, ಪೂರ್ತಿ ಒತ್ತಿದಾಗ ಮೇನ್ ಜೆಟ್ಟಿನದು. ಕಾಲುನೋವಿಗೆ ಕೈಗೆ ಪಟ್ಟು ಹಾಕಿದಂತಾಯಿತು! ಮೂಲ ತೊಂದರೆ ಹಾಗೇ ಉಳಿಯಿತು, ಐಡ್ಲಿಂಗಿನಲ್ಲಿ ಮಿಶ್ರಣ ರಿಚ್ ಆಗಿ ಸ್ಪಾರ್ಕ್ ಪ್ಲಗ್ಗುಗಳು ಮಸಿ ಹಿಡಿದವು.

ತಲೆನೋವಿನ ಗುಟ್ಟೂ ಅದೇ. ಪೆಟ್ರೋಲಿಗೆ ತಕ್ಕಷ್ಟು ಆಮ್ಲಜನಕ ಸಿಗದಿದ್ದಾಗ ದಹನ ಅರ್ಧಕ್ಕೆ ನಿಂತು ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು; ಆಮೇಲೆ ಏಳಲೂ ಆಗದು. ಅವನು ಇದನ್ನು ನೆಗಡಿಯ ತಲೆನೋವೆಂದುಕೊಂಡಿದ್ದ. ನಾನು ಒತ್ತಾಯಿಸಿದ ಮೇಲೆ ಅದೇ ರಾತ್ರಿ ವೈದ್ಯರಿಗೆ ತೋರಿಸಿದ.

ಮುಂದಿನ ವಾರ ಅವನು ಕಾರನ್ನು ಬಯಲಿಗೆ ತಳ್ಳಿ ಕೆಲಸ ಮಾಡಿದ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು, ಇದು ನನ್ನ ಷರತ್ತು. ಐಡ್ಲಿಂಗ್ ತಿರುಪುಗಳನ್ನು ಮೊದಲಿನ ಅಳತೆಗೆ ತಂದ. ನಾಲ್ಕನ್ನೂ ಸಮ ಮಾಡಿದ. ಸೂಜಿಗಳ ಕೆಳಗೆ ತೆಳು ವಾಷರ್ ಇಟ್ಟು ಕೊಂಚ ಎತ್ತರಿಸಿದ. ಮುಗ್ಗರಿಕೆ ನಿಂತಿತು. ಕೊನೆಗೆ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿದ. ಹೊಸ ಪ್ಲಗ್ಗುಗಳು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದವು, ಮಿಶ್ರಣ ಹದವಾಗಿದೆ ಎಂಬುದಕ್ಕೆ ಅದೇ ಗುರುತು. ಅಲ್ಲಿ ಇಂಥ ಕಾರು ರಸ್ತೆಗಿಳಿಯುವ ಮುನ್ನ ಹೊಗೆಯೂ ಸೇರಿದಂತೆ ಸರ್ಕಾರಿ ತಪಾಸಣೆ ಮುಗಿಸಬೇಕು. ಅದಕ್ಕೀಗ ಅವನು ಸಿದ್ಧನಾಗುತ್ತಿದ್ದಾನೆ.

ನಮ್ಮಲ್ಲಿ ಏಪ್ರಿಲ್ 2020ರಲ್ಲಿ ಬಿ.ಎಸ್.6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಇಂಧನ ಇಂಜೆಕ್ಷನ್ ಬಂದಿದೆ. ಆದರೆ ಹಳೆಯ ಬೈಕುಗಳಲ್ಲಿ, ಅಂಗಡಿ ಮನೆಗಳ ಸಣ್ಣ ಜನರೇಟರುಗಳಲ್ಲಿ ಕಾರ್ಬುರೇಟರ್ ಇನ್ನೂ ಉಸಿರಾಡುತ್ತಿದೆ. ಪೋಷಕರೇ, ಮಗ ಅಥವಾ ಮಗಳು ಹಳೆಯ ಬೈಕು ಬಿಚ್ಚುತ್ತಾ ಕೈ ಮಸಿ ಮಾಡಿಕೊಂಡರೆ ಬೈಯಬೇಡಿ, ಅದೂ ಪಾಠವೇ. ಆದರೆ ಎಂಜಿನ್ ಓಡಿಸುವುದು ಬಯಲಿನಲ್ಲಿ ಮಾತ್ರ ಎಂದು ಕಟ್ಟುನಿಟ್ಟು ಮಾಡಿ. ಕರೆಂಟು ಹೋದ ರಾತ್ರಿ ಮಳೆಯೆಂದು ಜನರೇಟರನ್ನು ಹಜಾರಕ್ಕೋ ಮುಚ್ಚಿದ ಕೋಣೆಗೋ ತರಬೇಡಿ. ಕಿಟಕಿ ತೆರೆದಿದೆಯಲ್ಲ ಎಂಬ ಧೈರ್ಯವೂ ಸಲ್ಲದು.