ಬಾಡಿಗೆಯೇ ಕಂತು ಕಟ್ಟುತ್ತದಾ?

‘ಬಾಡ್ಗೆ ಬರ್ತತಲ್ಲೋ, ಅದ್ರಾಗೇ ಕಂತು ಕಟ್ಕೊಂಡು ಹೋದ್ರಾತು. ನಿನ್ ಕೈಯಿಂದ ಒಂದು ರೂಪಾಯೀನೂ ಬೇಡ’ ಅಂದರು ಅಪ್ಪ.

ಯುಗಾದಿಗೆ ಊರಿಗೆ ಹೋಗಿದ್ದೆ. ಒಬ್ಬಟ್ಟಿನ ಎಲೆಯ ಪಕ್ಕದಲ್ಲೇ ಬಣ್ಣದ ಬ್ರೋಷರ್ ಇತ್ತು. ಬೆಂಗಳೂರಿನ ಕೆಂಗೇರಿಯಾಚೆ ಕಟ್ಟುತ್ತಿರುವ ಎರಡು ಬೆಡ್‌ರೂಮಿನ ಫ್ಲ್ಯಾಟು, 45 ಲಕ್ಷ. ಅಪ್ಪ ದಾವಣಗೆರೆಯ ಮಂಡಿಯೊಂದರಲ್ಲಿ ಗುಮಾಸ್ತರು. ಬೇರೆಯವರ ಕಿರ್ದಿ ಬರೆದೂ ಬರೆದೂ 12 ಲಕ್ಷ ಉಳಿಸಿದ್ದಾರೆ. ಅವರ ಸಂಬಳಕ್ಕೆ ದೊಡ್ಡ ಸಾಲ ಹುಟ್ಟುವುದಿಲ್ಲ. ಈಗ ಬುಕಿಂಗ್ ಮಾಡುವುದು, ಮುಂದಿನ ವರ್ಷ ನನಗೆ ಕೆಲಸ ಸಿಕ್ಕಮೇಲೆ ನನ್ನ ಹೆಸರಲ್ಲಿ 35 ಲಕ್ಷ ಸಾಲ ತೆಗೆಯುವುದು, ಇದು ಯೋಜನೆ. ನಾನಿನ್ನೂ ಆರನೇ ಸೆಮಿಸ್ಟರ್. ಒಂದು ಬ್ಯಾಕ್‌ಲಾಗ್ ಬೇರೆ ಇದೆ, ಅದು ಅಪ್ಪನಿಗೆ ಗೊತ್ತಿಲ್ಲ (ಇದನ್ನು ಓದಿದರೆ ಗೊತ್ತಾಗುತ್ತದೆ).

ಬೆಂಗಳೂರಿಗೆ ವಾಪಸಾದವನು ನಮ್ಮ ಪಿಜಿ ಆಂಟಿಯ ಹತ್ತಿರ ವಿಷಯ ತೆಗೆದೆ. ಅವರದ್ದು 30x40 ಸೈಟಿನಲ್ಲಿ ಮೂರು ಮಹಡಿ. ಕೆಳಗೆ ಎರಡು ಬಾಡಿಗೆ ಮನೆ, ಮೇಲೆ ನಾವು ಹುಡುಗರು. ಅವರ ಬಾಡಿಗೆ ಲೆಕ್ಕವನ್ನು ಎಕ್ಸೆಲ್‌ಗೆ ಹಾಕಿಕೊಡುವುದು ನನ್ನ ಕೆಲಸ, ಪ್ರತಿಯಾಗಿ ಭಾನುವಾರ ಒಂದು ಫಿಲ್ಟರ್ ಕಾಫಿ. ‘ಹನ್ನೆರಡು ತಿಂಗಳ ಬಾಡಿಗೆ ಅಂತ ಯಾವತ್ತೂ ಬರೀಬೇಡಪ್ಪ. ಹತ್ತೂವರೆ ಅಂತ ಬರಿ’ ಎಂದರು. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವೆ ಮನೆ ಸುಮ್ಮನೆ ಬಿದ್ದಿರುತ್ತದೆ. ಆಗಲೇ ಸುಣ್ಣಬಣ್ಣ, ಕೆಟ್ಟ ಗೀಸರ್, ಸೋರುವ ನಲ್ಲಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು. ವರ್ಷಕ್ಕೊಮ್ಮೆ ಕಂದಾಯ. ಅವರ ಪುಸ್ತಕದ ಖರ್ಚಿನ ಪುಟ ಜಮೆಯ ಪುಟಕ್ಕಿಂತ ಉದ್ದ. ‘ನಮಗೆ ಗಿಟ್ಟುತ್ತೆ, ಯಾಕೆಂದ್ರೆ ಸೈಟು ನಮ್ಮ ಮಾವನ ಕಾಲದ್ದು. ಈಗಿನ ರೇಟಿಗೆ ಕೊಂಡು ಕಟ್ಟಿದ್ರೆ ಬಾಡಿಗೆ ಬಡ್ಡಿಗೂ ಸಾಲದು’ ಅಂದರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. 35 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ ಎಂದುಕೊಂಡರೆ ತಿಂಗಳ ಕಂತು ಸುಮಾರು 30,400 ರೂಪಾಯಿ. ಆ ಕಡೆ ಅಂಥ ಫ್ಲ್ಯಾಟಿಗೆ ನಮ್ಮ ಸೀನಿಯರ್ ಒಬ್ಬರು ಕೊಡುತ್ತಿರುವ ಬಾಡಿಗೆ 14,000. ಹತ್ತೂವರೆ ತಿಂಗಳಿಗೆ 1.47 ಲಕ್ಷ. ಕಂದಾಯ, ರಿಪೇರಿಗೆ 20 ಸಾವಿರ ತೆಗೆದರೆ 1.27 ಲಕ್ಷ. ಅಂದರೆ 45 ಲಕ್ಷ ಹೂಡಿದ್ದಕ್ಕೆ ನೂರಕ್ಕೆ ಮೂರು ರೂಪಾಯಿಯೂ ಹುಟ್ಟುವುದಿಲ್ಲ, ಸಾಲಕ್ಕೆ ಎಂಟೂವರೆ ಕಟ್ಟಬೇಕು. ತಿಂಗಳಿಗೆ ಹತ್ತಿರಹತ್ತಿರ 20 ಸಾವಿರ ನನ್ನ ಕೈಯಿಂದಲೇ ಹೋಗಬೇಕು, ಇನ್ನೂ ಸಿಗದಿರುವ ಸಂಬಳದಿಂದ. ಸ್ಟಾಂಪ್ ಡ್ಯೂಟಿ, ನೋಂದಣಿ ಖರ್ಚು ಇದಕ್ಕೆ ಸೇರಿಲ್ಲ.

ರೂಮ್‌ಮೇಟ್‌ಗೆ ತೋರಿಸಿದರೆ, ‘ಭೋಗ್ಯಕ್ಕೆ ಹಾಕು, ಒಟ್ಟಿಗೇ ಹತ್ತು ಲಕ್ಷ ಬರುತ್ತೆ’ ಎಂದ. ಬರುತ್ತದೆ ನಿಜ. ಆದರೆ ಅವಧಿ ಮುಗಿದ ದಿನ ಅಷ್ಟನ್ನೂ ಎಣಿಸಿ ವಾಪಸ್ ಕೊಡಬೇಕು. ಅದು ಆದಾಯವಲ್ಲ, ಇನ್ನೊಂದು ಸಾಲ. ಅಲ್ಲಿಯವರೆಗೆ ಬಾಡಿಗೆಯೂ ಬರುವುದಿಲ್ಲ.

ನನ್ನ ವಯಸ್ಸಿನವರು ಈ ವ್ಯವಹಾರ ಕಲಿಯಲು ಮನೆಯನ್ನೇ ಕೊಳ್ಳಬೇಕಿಲ್ಲ ಎಂದು ಗೊತ್ತಾಗಿದ್ದೂ ಈ ಹುಡುಕಾಟದಲ್ಲೇ. ರೀಟ್ ಎಂಬುದೊಂದಿದೆ. ಬಾಡಿಗೆ ಬರುವ ದೊಡ್ಡ ಕಟ್ಟಡಗಳ ಪಾಲನ್ನು ಷೇರಿನಂತೆ ಕೊಳ್ಳುವುದು. ದೇಶದ ಮೊದಲ ರೀಟ್ 2019ರಲ್ಲಿ ಷೇರುಪೇಟೆಗೆ ಬಂದ ಎಂಬೆಸಿಯದ್ದು. ಬೆಂಗಳೂರಿನ ಮಾನ್ಯತಾ ಟೆಕ್‌ಪಾರ್ಕ್ ಅದರಲ್ಲಿದೆ. 2021ರಿಂದ ಒಂದೇ ಯೂನಿಟ್ ಕೂಡ ಕೊಳ್ಳಬಹುದು. ಹಂಚಬಹುದಾದ ಹಣದಲ್ಲಿ ಕನಿಷ್ಠ 90% ಹೂಡಿಕೆದಾರರಿಗೆ ಕೊಡಲೇಬೇಕೆಂಬುದು ಸೆಬಿ ನಿಯಮ. ಟ್ಯೂಷನ್ ದುಡ್ಡಿನಲ್ಲಿ ಐದು ಯೂನಿಟ್ ತೆಗೆದುಕೊಂಡೆ. ಕೊಂಡ ವಾರವೇ ಬೆಲೆ ಸ್ವಲ್ಪ ಇಳಿದು, ಅದೂ ಒಂದು ಪಾಠವಾಯಿತು.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಮುಂದೆ ಹಾಳೆ ಇಟ್ಟೆ. ‘ಬೆಲೆ ಏರಲ್ವೇನೋ?’ ಎಂದರು. ಏರಬಹುದು. ಆದರೆ ಏರುವುದು ಮುಖ್ಯವಾಗಿ ನೆಲದ ಬೆಲೆ, ಫ್ಲ್ಯಾಟಿನಲ್ಲಿ ನಮ್ಮ ಪಾಲಿಗೆ ಬರುವ ನೆಲ ಅಷ್ಟಿಷ್ಟು, ಗೋಡೆಗೆ ವಯಸ್ಸಾಗುತ್ತಲೇ ಇರುತ್ತದೆ ಎಂದೆ. ಯೋಜನೆಗೆ ರೇರಾ ನೋಂದಣಿ ಇದೆಯಾ ನೋಡಬೇಕು, ನೋಂದಾಯಿತ ಕರಾರು ಆಗದೆ ಬಿಲ್ಡರ್ ಹತ್ತು ಪರ್ಸೆಂಟಿಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂದೂ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಪೆನ್ನಿನಲ್ಲಿ ತಾವೇ ಕೂಡಿ ಕಳೆದು ನೋಡಿದರು. ಒಂದು ತಪ್ಪೂ ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು ನನಗೆ. ಮದುವೆಯಾದಾಗಿನಿಂದ ಏಳು ಬಾಡಿಗೆ ಮನೆ ಬದಲಿಸಿದವರು ಅವರು. ಪ್ರತಿ ಸಲವೂ ದೇವರ ಫೋಟೊಗಳನ್ನು ಮೊದಲು ಇಳಿಸುವುದು, ಮೊಳೆಯ ತೂತಿಗೆ ಸುಣ್ಣ ತುಂಬುವುದು ಅವರ ಪಾಲಿನ ಕೆಲಸ.

ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಬಾಡ್ಗಿಗೆ ಕೊಡಾಕಲ್ಲ, ನಾವಿರಾಕೆ ಇಲ್ಲೇ ಒಂದು ಸಣ್ಣ ಸೈಟ್ ತಗಂಡ್ರೆ? ಆ ಲೆಕ್ಕ ಬೇರೆನಾ?’ ಎಂದು ಕೇಳಿದರು.

ಬೇರೆಯೇ. ಅಲ್ಲಿ ನಾವು ಕಟ್ಟುತ್ತಿರುವ 6,500 ಬಾಡಿಗೆ ಉಳಿಯುತ್ತದೆ, ಸಾಲವೂ ಸಣ್ಣದು. ಅಪ್ಪನಿಗೆ ಯಾರೋ ತೋರಿಸಿದ್ದ 20x30 ಸೈಟಿನ ಸರ್ವೆ ನಂಬರ್ ಬರೆದುಕೊಂಡು ಬಂದಿದ್ದೇನೆ. ಭೂಪರಿವರ್ತನೆ ಆಗಿದೆಯಾ, ಖಾತೆ ಯಾರ ಹೆಸರಲ್ಲಿದೆ, ಇಸಿಯಲ್ಲಿ ಹಳೆಯ ಸಾಲವೇನಾದರೂ ಕಾಣುತ್ತದಾ ಎಂದು ಇಂಟರ್ನಲ್ಸ್ ಮುಗಿದ ಮೇಲೆ ನೋಡಬೇಕು. ಅಪ್ಪ ಎರಡು ಸಲ ಫೋನ್ ಮಾಡಿ ಕೇಳಿಯಾಗಿದೆ.